ಕೋಡಿ ಬಿದ್ದ ವರ್ಷ, ಮಳೆ ಕೈಕೊಟ್ಟ ವರ್ಷ

(ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಡೆದ ಪದವಿ ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ. ಅವತ್ತು ಹೊತ್ತಾಯಿತೆಂದು ಬಿಟ್ಟ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಮಕ್ಕಳೇ, ಹವಾಮಾನ ಬದಲಾವಣೆ ಅಂದ ಕೂಡಲೇ ನಿಮ್ಮ ಕಣ್ಣಮುಂದೆ ಏನು ಬರುತ್ತದೆ ಅಂತ ನನಗೆ ಗೊತ್ತು. ಕರಗುವ ಮಂಜುಗಡ್ಡೆ, ಅದರ ಮೇಲೊಂದು ಹಿಮಕರಡಿ. ಶಾಲೆಯ ಗೋಡೆ ಮೇಲೂ ಅದೇ ಚಿತ್ರ, ಭಾಷಣ ಸ್ಪರ್ಧೆಯಲ್ಲೂ ಅದೇ ಮಾತು. ಹಿಮಕರಡಿಯ ಕಷ್ಟ ಸುಳ್ಳಲ್ಲ. ಆದರೆ ಅದನ್ನು ನೋಡಿ ನೋಡಿ, ಇದು ಎಲ್ಲೋ ದೂರದ ಕಥೆ ಅಂತ ನಮಗೆ ಅಭ್ಯಾಸವಾಗಿಬಿಟ್ಟಿದೆ. ಇವತ್ತು ನಾವು ಮಾರಿಕಣಿವೆಯಿಂದ ಶುರು ಮಾಡೋಣ.

2022ರ ಸೆಪ್ಟೆಂಬರ್ ನಿಮಗೆಲ್ಲ ನೆನಪಿರಬೇಕು. ನೀವಾಗ ಹೈಸ್ಕೂಲಿನಲ್ಲಿದ್ದಿರಿ. ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ ಜಲಾಶಯ, ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ 89 ವರ್ಷ ಮತ್ತೆ ಆ ಭಾಗ್ಯ ಕಂಡಿರಲಿಲ್ಲ. ಜನ ಟ್ರ್ಯಾಕ್ಟರು, ಟೆಂಪೋ, ಬೈಕು, ಸಿಕ್ಕಿದ್ದು ಹತ್ತಿಕೊಂಡು ಬಂದರು. ನಾನೂ ಹೋಗಿದ್ದೆ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿಯನ್ನು ಮೊಮ್ಮಕ್ಕಳಿಬ್ಬರು ಕೈ ಹಿಡಿದು ನಿಲ್ಲಿಸಿದ್ದರು. ಅಜ್ಜಿ ಕೋಡಿಯ ಕಡೆ ನೋಡುತ್ತಾ ಏನೂ ಮಾತಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ಒಂದು ಚಿಟಿಕೆ ಅರಿಶಿನ ತೆಗೆದು ನೀರಿನ ಕಡೆ ಎರಚಿ ಕೈ ಮುಗಿದರು. ವೇದಾವತಿ ದಂಡೆಯಲ್ಲಿ ಹುಟ್ಟಿ, ಜೀವಮಾನವಿಡೀ ಬೋರ್‌ವೆಲ್ ಎಷ್ಟು ಅಡಿಗೆ ಇಳಿಯಿತು ಅನ್ನುವ ಲೆಕ್ಕದಲ್ಲೇ ಕಳೆದವರಿಗೆ ಆ ನೀರು ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಅದರ ಮರುವರ್ಷ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಆ ಆಗಸ್ಟ್ ತಿಂಗಳು, 1901ರಿಂದ ಲೆಕ್ಕ ಇಟ್ಟಂದಿನಿಂದ ಇಡೀ ದೇಶಕ್ಕೇ ಅತ್ಯಂತ ಒಣ ಆಗಸ್ಟ್. ಆಗಸ್ಟ್ ಅಂದರೆ ನಮ್ಮ ಲೆಕ್ಕದಲ್ಲಿ ಆಶ್ಲೇಷ, ಮಘೆ. ಶೇಂಗಾ ಹೂವಾಡಿ, ಕಾಯಿ ಕಟ್ಟುವ ದಾರಗಳು ಮಣ್ಣಿಗೆ ಇಳಿಯುವ ಹೊತ್ತು. ನೆಲ ಕಲ್ಲಾಗಿದ್ದರೆ ಅವು ಎಲ್ಲಿಗೆ ಇಳಿಯಬೇಕು? ಗಿಡ ಹಸಿರಾಗಿಯೇ ಇರುತ್ತದೆ, ಕಿತ್ತು ನೋಡಿದರೆ ಕೆಳಗೆ ಕಾಯಿಲ್ಲ. ಚಳ್ಳಕೆರೆಯನ್ನು ಎಣ್ಣೆ ನಗರ ಅನ್ನುತ್ತೇವೆ. ಆ ಎಣ್ಣೆಯೆಲ್ಲ ಆ ಎರಡು ನಕ್ಷತ್ರದ ಮಳೆಯ ಋಣ.

ಒಂದು ವರ್ಷ ಕೋಡಿ, ಮರುವರ್ಷ ಬರ. ಹಾಗಾದರೆ ಎರಡೂ ಹವಾಮಾನ ಬದಲಾವಣೆಯ ಫಲವೇ? ಇಲ್ಲಿ ನೀವು ಸ್ವಲ್ಪ ನಿಧಾನಿಸಬೇಕು ಅಂತ ನನ್ನ ಆಸೆ. ಕೋಡಿ ಬಿದ್ದದ್ದಕ್ಕೆ ಆ ವರ್ಷದ ಜೋರು ಮಳೆ ಕಾರಣ, ನಿಜ. ಜೊತೆಗೆ ಭದ್ರಾ ನದಿಯ ನೀರನ್ನು ಈ ಕಡೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಯ ನೀರು ಅದಕ್ಕೂ ಮೊದಲಿಂದಲೇ ಜಲಾಶಯಕ್ಕೆ ಬರುತ್ತಿತ್ತು. 2023ರ ಬರಕ್ಕೆ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ನೀರು ಆಗಾಗ ಬಿಸಿಯೇರುವುದು, ಕೂಡ ಕಾರಣ. ಎಲ್ ನಿನೋ ಹಿಂದೆಯೂ ಬರುತ್ತಿತ್ತು, ಮುಂದೆಯೂ ಬರುತ್ತದೆ. ಒಂದು ಮಳೆ, ಒಂದು ಬರ ನೋಡಿ ಹವಾಮಾನ ಕೆಟ್ಟಿತು ಅನ್ನುವುದು ಅವಸರದ ಮಾತು. ವಿಜ್ಞಾನಿಗಳು ಕನಿಷ್ಠ 30 ವರ್ಷದ ಲೆಕ್ಕ ಕೂಡಿಸಿ ಒಂದು ಊರಿನ ವಾಡಿಕೆ ಮಳೆ ಇಷ್ಟು ಅನ್ನುತ್ತಾರೆ. ಇವತ್ತಿನ ಮಳೆ ಇವತ್ತಿನ ಸುದ್ದಿ. 30 ವರ್ಷದ ಮಳೆ ಆ ಊರಿನ ಸ್ವಭಾವ. ಈಗ ಬದಲಾಗುತ್ತಿರುವುದು ಸ್ವಭಾವ. ಅದನ್ನು ಸಾಬೀತು ಮಾಡಲು ಲೆಕ್ಕ ಬೇಕು. ನಾನು ಇವತ್ತು ನಿಮ್ಮಲ್ಲಿ ಕೇಳಲು ಬಂದಿರುವುದು ಆ ಲೆಕ್ಕವನ್ನು.

ಮೊದಲು ಕಾರಣ ನೋಡೋಣ. ನಮ್ಮ ಭಾಗದಲ್ಲಿ ಕಂಬಳಿ ಗೊತ್ತಿಲ್ಲದವರು ಯಾರಿದ್ದೀರಿ? ಚಳ್ಳಕೆರೆ ಕಂಬಳಿ ಹೊದ್ದು ಮಲಗಿದರೆ ಬೆಚ್ಚಗಾಗುತ್ತದೆ. ಕಂಬಳಿಯೊಳಗೆ ಒಲೆ ಇಲ್ಲ. ನಿಮ್ಮ ಮೈಯ ಬಿಸಿಯನ್ನೇ ಅದು ಹೊರಗೆ ಹೋಗಗೊಡುವುದಿಲ್ಲ, ಅಷ್ಟೇ. ಭೂಮಿಗೂ ಹಾಗೆ ಒಂದು ತೆಳು ಹೊದಿಕೆ ಇದೆ. ನೀರಿನ ಆವಿ, ಇಂಗಾಲದ ಡೈಆಕ್ಸೈಡ್, ಮೀಥೇನ್. ಅದು ಇಲ್ಲದಿದ್ದರೆ ಭೂಮಿ ಮರಗಟ್ಟಿಹೋಗುತ್ತಿತ್ತು. ಹೊದಿಕೆ ತಪ್ಪಲ್ಲ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ಅದರ ಮೇಲೆ ಇನ್ನೊಂದು ಕಂಬಳಿ, ಮತ್ತೊಂದು ಕಂಬಳಿ ಹೊದಿಸುತ್ತಿರುವುದು ತಪ್ಪು. ಕಾರ್ಖಾನೆಗಳ ಕಾಲ ಶುರುವಾಗುವ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್ ಇದ್ದವು. ಈಗ 420 ದಾಟಿದೆ.

ಇದೇನು ಇತ್ತೀಚಿನ ಫ್ಯಾಷನ್ ವಿಜ್ಞಾನ ಅಂದುಕೊಳ್ಳಬೇಡಿ. 1856ರಲ್ಲೇ ಅಮೆರಿಕದ ಯೂನಿಸ್ ಫೂಟ್ ಎಂಬ ಹೆಣ್ಣುಮಗಳು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಥರ್ಮಾಮೀಟರ್ ಇಟ್ಟು ಬಿಸಿಲಿಗೆ ಹಿಡಿದು ನೋಡಿದಳು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಉಳಿದವಕ್ಕಿಂತ ಹೆಚ್ಚು ಕಾಯಿತು, ಆರುವುದಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡಿತು. ಗಾಳಿಯಲ್ಲಿ ಈ ಅನಿಲ ಹೆಚ್ಚಾದರೆ ಭೂಮಿ ಇನ್ನಷ್ಟು ಬಿಸಿಯಾದೀತು ಅಂತ ಆಗಲೇ ಬರೆದಿಟ್ಟಳು. ಆ ಮಾತು ಬಹಳ ಕಾಲ ಮೂಲೆಯಲ್ಲೇ ಬಿದ್ದಿತ್ತು.

ಈಗ ಮಳೆಗೆ ಬರೋಣ. ಬಿಸಿ ಗಾಳಿಯ ಹೊಟ್ಟೆ ದೊಡ್ಡದು. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಹೆಚ್ಚಿದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ದೊಡ್ಡ ಹೊಟ್ಟೆ ತುಂಬಲು ಹೆಚ್ಚು ದಿನ ಬೇಕು. ಅಷ್ಟು ದಿನ ಅದು ನಮ್ಮ ಹೊಲದ, ಕೆರೆಯ ತೇವವನ್ನೇ ಹೀರುತ್ತಾ ಮಳೆ ಕೊಡದೆ ನಿಲ್ಲುತ್ತದೆ. ತುಂಬಿದ ಮೇಲೆ ಒಮ್ಮೆಲೇ ಸುರಿಯುತ್ತದೆ. ಬರ ಮತ್ತು ನೆರೆ ಒಂದೇ ಮನೆಯ ಮಕ್ಕಳಾಗುವುದು ಹೀಗೆ. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ರಾಕ್ಸಿ ಕೋಲ್ ಮತ್ತು ಸಂಗಡಿಗರು 1950ರಿಂದ 2015ರವರೆಗಿನ ಮಳೆ ಲೆಕ್ಕ ತೆಗೆದು 2017ರಲ್ಲಿ ಪ್ರಕಟಿಸಿದರು. ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶದ ಮೇಲೆ ಸುರಿಯುವ ವಿಪರೀತ ಮಳೆಯ ಘಟನೆಗಳು ಮೂರು ಪಟ್ಟಾಗಿದ್ದವು. ಅದೇ ಅವಧಿಯಲ್ಲಿ ಅಲ್ಲಿನ ಒಟ್ಟು ಮುಂಗಾರು ಮಳೆ ಕಡಿಮೆಯಾಗಿತ್ತು.

ಒಟ್ಟು ಕಡಿಮೆ, ಸುರಿತ ಜಾಸ್ತಿ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಹೊಸ ಪದ ಬೇಡ, ನಮ್ಮ ಹಿರಿಯರ ಬಾಯಲ್ಲೇ ಇದೆ. ಸೋನೆ, ಜಡಿ, ಬಿರುಮಳೆ. ಐವತ್ತು ಮಿಲಿಮೀಟರ್ ಸೋನೆಯಾಗಿ ಮೂರು ದಿನ ಹಿಡಿದರೆ ಗೇಣುದ್ದ ಹಸಿಯಾಗುತ್ತದೆ, ಹೊಲ ಹದಕ್ಕೆ ಬರುತ್ತದೆ. ಅದೇ ಐವತ್ತು ಮುಕ್ಕಾಲು ಗಂಟೆಯಲ್ಲಿ ಬಿರುಮಳೆಯಾಗಿ ಬಿದ್ದರೆ ಬದು ಒಡೆದು, ಮೇಲ್ಮಣ್ಣು ಹೊತ್ತು ಹಳ್ಳ ಸೇರುತ್ತದೆ. ಕಚೇರಿಯ ಕಡತದಲ್ಲಿ ಎರಡೂ 50. ಹೊಲದಲ್ಲಿ ಒಂದು ಅನ್ನ, ಇನ್ನೊಂದು ನಷ್ಟ. ಕೊಡಗಿನಲ್ಲಿ 2018ರಲ್ಲಿ, ಅಂಕೋಲೆಯ ಶಿರೂರಿನಲ್ಲಿ 2024ರಲ್ಲಿ ಗುಡ್ಡಗಳು ಕುಸಿದಾಗಲೂ ಇಂಥ ಜಡಿದ ಮಳೆಯೇ ಇತ್ತು. ಮಳೆಯೊಂದರದ್ದೇ ತಪ್ಪಲ್ಲ, ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡವನ್ನೂ ನೀವು ಪತ್ರಿಕೆಗಳಲ್ಲಿ ನೋಡಿದ್ದೀರಿ.

ನಿಮ್ಮ ಮನೆಯಲ್ಲಿ ಪಂಚಾಂಗ ಇದ್ದರೆ ಮಳೆ ನಕ್ಷತ್ರಗಳ ಪುಟ ತೆಗೆದು ನೋಡಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ಲೆಕ್ಕದಲ್ಲಿ ವರ್ಷದ ಮಳೆಯನ್ನು ಹಂಚಿಟ್ಟವರು ನಮ್ಮ ರೈತರು. ಭರಣಿ ಏಪ್ರಿಲ್ ಕೊನೆಗೆ, ರೋಹಿಣಿ ಮೇ ಕೊನೆಗೆ, ಮೃಗಶಿರ ಜೂನ್ ಎಂಟರ ಸುಮಾರಿಗೆ, ಹಸ್ತ, ಚಿತ್ತ ಅಂದರೆ ಹಿಂಗಾರು. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಅಂತ ಗಾದೆ. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವ ವಿದ್ಯಾವಂತರನ್ನು ಕಂಡರೆ ನನಗೆ ಬೇಸರವಾಗುತ್ತದೆ. ತಲೆಮಾರುಗಳು ನೋಡಿ, ನೆನಪಿಟ್ಟು, ಪ್ರಾಸ ಹಾಕಿ ಮಕ್ಕಳಿಗೆ ದಾಟಿಸಿದ ದಾಖಲೆ ಅದು. ಅಕ್ಷರ ಬಾರದವರು ಇಟ್ಟ ಲೆಕ್ಕದ ಪುಸ್ತಕ. ಈಗ ಅದೇ ರೈತರು 'ಮಳೆ ನಕ್ಷತ್ರ ತಪ್ಪಿತು ಕಣಪ್ಪಾ' ಅನ್ನುತ್ತಿದ್ದಾರೆ. ಆ ಮಾತು ಎಷ್ಟು ನಿಜ, ಎಷ್ಟು ದಿನ ತಪ್ಪಿದೆ, ಯಾವ ಮಳೆ ಹೆಚ್ಚಾಗಿದೆ, ಯಾವುದು ಬತ್ತಿದೆ? ಗಾದೆ ಕಟ್ಟಿದವರ ಮೊಮ್ಮಕ್ಕಳು ನೀವು. ಓದು ಬರಹ ಬಲ್ಲವರು. ಮುಂದಿನ ಲೆಕ್ಕ ನೀವೇ ಬರೆಯಬೇಕು.

ಈಗ ಈ ಮೇಜಿನ ಮೇಲೆ ನಾನು ತಂದಿಟ್ಟಿರುವುದನ್ನು ನೋಡಿ. ಒಂದು ದೊಡ್ಡ ಸ್ಟೀಲ್ ಡಬ್ಬ, ಒಂದು ಲೋಟ. ಎರಡರ ಗೋಡೆಯೂ ನೇರ, ತಳ ಸಪಾಟು. ಎರಡನ್ನೂ ಒಂದೇ ಮಳೆಯಲ್ಲಿ ಇಟ್ಟರೆ ಯಾವುದರಲ್ಲಿ ನೀರಿನ ಎತ್ತರ ಹೆಚ್ಚಿರುತ್ತದೆ? ಡಬ್ಬ ಅಂದವರು ಕೈ ಎತ್ತಿ. ನೋಡಿ, ಮುಕ್ಕಾಲು ಪಾಲು ಜನ. ನಾನು ಪಾಠ ಮಾಡಿದಷ್ಟು ವರ್ಷವೂ ಪ್ರತಿ ತರಗತಿಯಲ್ಲೂ ಹೀಗೇ. ಎರಡರಲ್ಲೂ ಒಂದೇ ಎತ್ತರ ಇರುತ್ತದೆ. ಡಬ್ಬದ ಬಾಯಿ ದೊಡ್ಡದು, ಹೆಚ್ಚು ನೀರು ಹಿಡಿಯುತ್ತದೆ. ಅದರ ತಳವೂ ಅಷ್ಟೇ ದೊಡ್ಡದು, ನೀರು ಹರಡಿಕೊಳ್ಳುತ್ತದೆ. ಮಳೆಯನ್ನು ಲೀಟರಿನಲ್ಲಿ ಅಳೆಯದೆ ಮಿಲಿಮೀಟರಿನಲ್ಲಿ ಅಳೆಯುವುದು ಅದಕ್ಕೇ. ಅಂದರೆ ಮಳೆಮಾಪಕಕ್ಕೆ ನೀವು ಯಾರ ಅನುದಾನಕ್ಕೂ ಕಾಯಬೇಕಾಗಿಲ್ಲ. ನೇರ ಗೋಡೆಯ ಡಬ್ಬ, ಜಾಮೆಟ್ರಿ ಬಾಕ್ಸಿನ ಸ್ಕೇಲು, ಒಂದು ನೋಟ್‌ಬುಕ್. ಮರದಿಂದ, ಗೋಡೆಯಿಂದ ದೂರ ಬಯಲಲ್ಲಿ ಇಡಿ, ಗಾಳಿಗೆ ಉರುಳದ ಹಾಗೆ ಸುತ್ತ ನಾಲ್ಕು ಕಲ್ಲು ಕೊಡಿ. ಬೆಳಿಗ್ಗೆ ಎಂಟೂವರೆಗೆ ನೋಡಿ. ಹವಾಮಾನ ಇಲಾಖೆ ದಿನದ ಮಳೆ ಲೆಕ್ಕ ಹಾಕುವುದೂ ಅದೇ ಹೊತ್ತಿಗೆ. ಮಳೆ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ನಿಂತಿತು, ಸೋನೆಯೋ ಬಿರುಮಳೆಯೋ, ಅದನ್ನೂ ಬರೆಯಿರಿ.

ಲೆಕ್ಕ ಕೈಗೆ ಬಂದ ಮೇಲೆ ಮಳೆಯ ಬೆಲೆಯೂ ಕಾಣುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಇಪ್ಪತ್ತೈದು ಮಿಲಿಮೀಟರಿನ ಒಂದು ಹದ ಮಳೆ ಬಂದರೆ ಒಂದು ಎಕರೆಗೆ ಲಕ್ಷ ಲೀಟರ್. ನಮ್ಮ ಸೀಮೆಗೆ ವರ್ಷಕ್ಕೆ ಐನೂರು ಚಿಲ್ಲರೆ ಮಿಲಿಮೀಟರ್ ಬರುತ್ತದೆ. ನೂರು ಚದರ ಮೀಟರ್ ತಾರಸಿ ಇರುವ ಮನೆಯ ಮೇಲೆ ಐವತ್ತು ಸಾವಿರ ಲೀಟರ್ ಬಿದ್ದು ಬೀದಿಗೆ ಹರಿದುಹೋಗುತ್ತದೆ. ಆಮೇಲೆ ಬೇಸಿಗೆಯಲ್ಲಿ ನಾವು ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲುತ್ತೇವೆ.

ಇಷ್ಟು ಸಣ್ಣ ಕೆಲಸದಿಂದ ಏನಾಗುತ್ತದೆ ಅಂತ ನಿಮಗೆ ಅನ್ನಿಸುತ್ತಿರಬಹುದು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರು ಮಾಡಿದ. ಆಗ ಅದು ಹತ್ತು ಲಕ್ಷ ಕಣಗಳಲ್ಲಿ 315ರ ಸುಮಾರು ಇತ್ತು. ಅಳೆದದ್ದನ್ನೇ ಅಳೆಯುವುದಕ್ಕೆ ದುಡ್ಡು ಯಾಕೆ ಅಂತ ಕೇಳಿದವರಿದ್ದರು. ಆತ ಪಟ್ಟು ಬಿಡಲಿಲ್ಲ. 2005ರಲ್ಲಿ ಆತ ತೀರಿಕೊಂಡ ಮೇಲೂ ಅಳತೆ ನಿಂತಿಲ್ಲ. ಇವತ್ತು ಜಗತ್ತಿನ ಯಾವ ಸರ್ಕಾರವೂ ಇಂಗಾಲ ಏರುತ್ತಿಲ್ಲ ಅಂತ ವಾದ ಮಾಡಲು ಆಗುವುದಿಲ್ಲ. ಕಾರಣ ಆ ಬೆಟ್ಟದ ಮೇಲಿನ ಅಳತೆಗಳಿಂದ ಮೂಡಿದ, ಮೇಲೇರುತ್ತಲೇ ಇರುವ ಗೆರೆ.

ನಮ್ಮ ಕಡೆಯದೇ ಒಂದು ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಮಳೆ ಅಳೆದು ಕಳಿಸುವ ಯಂತ್ರಗಳಿವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅವುಗಳ ಲೆಕ್ಕ ನೋಡಿಕೊಳ್ಳುತ್ತದೆ. ಇದು ದೇಶದ ಎಷ್ಟೋ ರಾಜ್ಯಗಳಲ್ಲಿ ಇಲ್ಲದ ದೊಡ್ಡ ವ್ಯವಸ್ಥೆ, ನಾವು ಹೆಮ್ಮೆಪಡಬೇಕು. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ಇಂಥ ಯಂತ್ರಗಳ ಲೆಕ್ಕದ ಮೇಲೆ ನಿಂತಿದೆ. ನಾನು ಪಾಠ ಮಾಡುತ್ತಿದ್ದ ಶಾಲೆಯ ಒಂಬತ್ತನೇ ತರಗತಿ ಹುಡುಗಿಯರು ಡಬ್ಬ ಇಟ್ಟು ಮಳೆ ಬರೆಯುತ್ತಿದ್ದರು. ಒಂದು ದಿನ ಅವರ ಡಬ್ಬದಲ್ಲಿ ಮೂರು ಬೆರಳಗಲ ನೀರು. ಯಂತ್ರದ ಲೆಕ್ಕದಲ್ಲಿ ಮಳೆ ಬಂದೇ ಇಲ್ಲ ಅನ್ನುವಷ್ಟು ಕಡಿಮೆ. ಇಬ್ಬರು ಹುಡುಗಿಯರು ಹೋಗಿ ನೋಡಿದರೆ ಜಾಲಿ ಮರದ ಕೊಂಬೆಯೊಂದು ಬೆಳೆದು ಯಂತ್ರದ ಮೇಲೆ ಕೊಡೆ ಹಿಡಿದ ಹಾಗೆ ಬಾಗಿತ್ತು. ಕೊಳವೆಯ ಬಾಯಿಗೆ ಒಣ ಎಲೆ ಕಟ್ಟಿಕೊಂಡಿತ್ತು. ಎಷ್ಟು ದಿನದಿಂದ ಹಾಗಿತ್ತೋ. ಸಂಬಂಧಪಟ್ಟವರಿಗೆ ಹೇಳಿದರೆ 'ಮಕ್ಕಳಿಗೇನು ಗೊತ್ತಾಗುತ್ತದೆ' ಅಂದರು. ಹುಡುಗಿಯರು ವಾಪಸ್ ಬಂದು ಎರಡೂವರೆ ತಿಂಗಳ ನೋಟ್‌ಬುಕ್ಕನ್ನು ಮಕ್ಕಳ ಗ್ರಾಮಸಭೆಗೆ ಒಯ್ದರು. ತಾರೀಖು ಹಚ್ಚಿ ಒಂದೊಂದೇ ಓದಿದರು. ಸಭೆಯಲ್ಲಿದ್ದ ರೈತರು ಎದ್ದು ನಿಂತರು. ಯಾಕೆಂದರೆ ಆ ದಿನಗಳ ಮಳೆ ಅವರಿಗೂ ನೆನಪಿತ್ತು. ಮುಂದಿನ ವಾರ ಕೊಂಬೆ ಕಡಿದರು.

ಕೊಂಬೆ ಒಂದು ದೊಡ್ಡ ವಿಷಯವಲ್ಲ. ಆದರೆ ಆ ಸಭೆಯಲ್ಲಿ ಹದಿನಾಲ್ಕು ವರ್ಷದ ಹುಡುಗಿಯ ಮಾತನ್ನು ಊರಿನ ಹಿರಿಯರು ತಡೆಯದೆ ಕೇಳಿದ್ದನ್ನು ನಾನು ನೋಡಿದೆ. ಅವಳ ಕೈಲಿ ಘೋಷಣೆ ಇರಲಿಲ್ಲ, ಪುಟ ಇತ್ತು.

ನಿಮ್ಮಲ್ಲಿ ಹದಿನೆಂಟು ದಾಟಿ, ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವವರು ಗ್ರಾಮಸಭೆಯ ಪೂರ್ಣ ಸದಸ್ಯರು. ಯಾರೂ ಕರೆಯಬೇಕಾಗಿಲ್ಲ, ಹೋಗಿ ಕೂರುವ ಹಕ್ಕು ನಿಮ್ಮದು. ಕೃಷಿ ಹೊಂಡ ಎಲ್ಲಿ ತೋಡಬೇಕು, ಕೆರೆಯ ರಾಜಕಾಲುವೆ ಯಾರು ಮುಚ್ಚಿದರು, ಶಾಲೆಯ ತಾರಸಿ ನೀರು ಯಾಕೆ ಹೊಂಡಕ್ಕೆ ಬೀಳುತ್ತಿಲ್ಲ, ಕೇಳಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಒಂದು ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿಗಳ ದಾಖಲೆ ಬರೆದಿಡಬೇಕು. ನಿಮ್ಮೂರಿನದ್ದು ಎಲ್ಲಿದೆ ಅಂತ ಕೇಳಿ. ಕಪಾಟಿನಲ್ಲಿದ್ದರೆ ತೆಗೆಸಿ ಓದಿ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ಪಾರಾಗಿ ಬದುಕುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ಜನರ ಹಕ್ಕು ಅಂದಿದೆ. ಅಷ್ಟು ದೊಡ್ಡ ಹಕ್ಕು ಚಲಾಯಿಸುವ ಜಾಗ ದೆಹಲಿ ಒಂದೇ ಅಲ್ಲ, ನಿಮ್ಮ ಪಂಚಾಯಿತಿ ಕಟ್ಟೆಯೂ ಹೌದು.

ಹುಡುಗರ ಕೈಲಿ ಏನಾದೀತು ಅನ್ನುವವರಿಗೆ ಸಾಲ್ಕಣಿ ನೆನಪಿಸಿ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಆ ಊರಿನ ಜನ, ಅವರಲ್ಲಿ ಯುವಕ ಮಂಡಳಿಯ ಹುಡುಗರೂ ಹೆಂಗಸರೂ, ಕಾಡಿಗೆ ನಡೆದುಹೋಗಿ ಕಡಿಯಲು ಗುರುತು ಮಾಡಿದ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆಯವರು ಜೊತೆಗಿದ್ದು ಮುನ್ನಡೆಸಿದ ಆ ಚಳವಳಿಗೆ ಅಪ್ಪಿಕೊ ಅಂತಲೇ ಹೆಸರಾಯಿತು. ಅವರ ಮಾತು ಮೂರೇ: ಉಳಿಸು, ಬೆಳೆಸು, ಬಳಸು. ಆ ಮೂರರಲ್ಲಿ ಉಳಿಸು ಮೊದಲು ಇರುವುದನ್ನು ಗಮನಿಸಿ. ನಾವು ಜೂನ್ 5ಕ್ಕೆ ಸಸಿ ನೆಟ್ಟು, ಫೋಟೊ ತೆಗೆಸಿ, ಬೇಸಿಗೆಗೆ ಅದೇ ಗುಂಡಿಯಲ್ಲಿ ಮರುವರ್ಷದ ಸಸಿಗೆ ಜಾಗ ಮಾಡುತ್ತಿದ್ದೇವೆ. ಇನ್ನೊಂದು ಮಾತು, ಇದನ್ನು ಹೇಳಲೇಬೇಕು: ನಮ್ಮ ಕಾವಲುಗಳು, ಅಂದರೆ ದನಕುರಿ ಮೇಯುವ ಹುಲ್ಲುಗಾವಲುಗಳು, ಪಾಳುಭೂಮಿ ಅಲ್ಲ. ಅಮೃತ್ ಮಹಲ್ ಕಾವಲಿನ ಹುಲ್ಲು ತನ್ನ ಬೇರುಗಳಲ್ಲಿ, ಮಣ್ಣಿನೊಳಗೆ ಇಂಗಾಲ ಹಿಡಿದಿಡುತ್ತದೆ, ಕೃಷ್ಣಮೃಗಕ್ಕೆ ಮೇವು ಕೊಡುತ್ತದೆ, ಕುರಿಗಾಹಿಗೆ ಅನ್ನ ಕೊಡುತ್ತದೆ. ಹುಲ್ಲುಗಾವಲು ಅಗೆದು ನೀಲಗಿರಿ ನೆಟ್ಟು ಹಸಿರೀಕರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ, ನೀವೂ ಒಪ್ಪಬೇಡಿ.

ವಿದ್ಯುತ್ತಿನ ಬಗ್ಗೆ ಎರಡು ಮಾತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವುದನ್ನು ನೋಡುತ್ತಲೇ ಬೆಳೆದವರು ನೀವು. ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ. ಜಮೀನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ರೈತರಿಗೆ ಗುತ್ತಿಗೆ ಹಣ ಕೊಟ್ಟರು. ಜಮೀನು ರೈತನ ಹೆಸರಲ್ಲೇ ಉಳಿಯಿತು, ಅದು ಒಳ್ಳೆಯ ದಾರಿ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಒಂದು ಗುಂಟೆಯೂ ಇಲ್ಲದ ಕುಟುಂಬಗಳಿಗೆ ಗುತ್ತಿಗೆ ಹಣ ಯಾರು ಕೊಟ್ಟರು? ಬಿಸಿಲು, ಗಾಳಿಯ ವಿದ್ಯುತ್ತು ಬೇಕೇ ಬೇಕು. ಅದರ ಜೊತೆ ಈ ಪ್ರಶ್ನೆಯೂ ಬೇಕು. ನಿಮ್ಮಲ್ಲಿ ಐಟಿಐ, ಡಿಪ್ಲೊಮಾ ಕಡೆ ಹೋಗುವವರಿಗೆ ಇಲ್ಲಿ ಕೆಲಸವೂ ಇದೆ, ಊರು ಬಿಡದೆ ಮಾಡುವ ಕೆಲಸ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ಕೇಳಿದ: "ಸರ್, ನಾವು ಡಬ್ಬ ಇಟ್ಟರೆ ಅಮೆರಿಕದವರು ಕಾರು ಓಡಿಸೋದು ನಿಲ್ಲಿಸ್ತಾರಾ? ತಪ್ಪು ಅವರದು, ನಾವ್ಯಾಕೆ ತಲೆ ಕೆಡಿಸ್ಕೋಬೇಕು?"

ಆ ಪ್ರಶ್ನೆಯಲ್ಲಿ ನ್ಯಾಯ ಇದೆ. ಒಬ್ಬ ಅಮೆರಿಕನ್ ಪಾಲಿಗೆ ವರ್ಷಕ್ಕೆ ಸರಾಸರಿ 14 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ ಒಬ್ಬ ಭಾರತೀಯನ ಪಾಲಿಗೆ ಸುಮಾರು 2 ಟನ್. ಎರಡು ಎಕರೆ ಶೇಂಗಾ ಇಡುವ ನಿಮ್ಮಪ್ಪನದು ಅದಕ್ಕಿಂತಲೂ ಎಷ್ಟೋ ಕಡಿಮೆ. ಹಾಗಾಗಿ ಒಂದು ಬಲ್ಬ್ ಆರಿಸಲು ಮರೆತೆ ಅಂತ ನೀವು ಅಪರಾಧಿಗಳ ಹಾಗೆ ತಲೆ ತಗ್ಗಿಸಬೇಕಾಗಿಲ್ಲ. ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು: "ತಪ್ಪು ಅವರದು ಹೆಚ್ಚು ಅನ್ನೋದು ನಿಜ ಕಣಪ್ಪಾ. ಆದರೆ ಮಘೆ ಮಳೆ ತಪ್ಪಿದ್ದು ಯಾರ ಹೊಲದಲ್ಲಿ? ನಷ್ಟ ಆದವನೇ ಲೆಕ್ಕ ಇಡದಿದ್ದರೆ ಪರಿಹಾರ ಕೇಳುವಾಗ ಏನು ತೋರಿಸ್ತೀಯ?" ಅವನು ಕೂರಲಿಲ್ಲ. "ಹಾಗಾದರೆ ಎಷ್ಟು ವರ್ಷ ಬರೀಬೇಕು ಸರ್?" ಅಂದ. ಮೂವತ್ತು ಅಂದೆ. ಸಭೆಯಲ್ಲಿ ಗುಜುಗುಜು ಎದ್ದಿತು. ಆಗ ನಿನಗೆ ಐವತ್ತು ಆಗಿರುತ್ತದೆ, ನಿನ್ನ ಮಗಳು ಬರೆಯುತ್ತಿರುತ್ತಾಳೆ ಅಂದೆ.

ಕೊನೆಗೆ ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೇಳಿದಳು: "ಸರ್, ಮಳೆ ಬರದ ದಿನ ಏನು ಬರೀಬೇಕು? ಖಾಲಿ ಬಿಡಲಾ?"

"ಖಾಲಿ ಬಿಡಬೇಡಮ್ಮಾ, ಸೊನ್ನೆ ಹಾಕು. ಖಾಲಿ ಇದ್ದರೆ ನೀನು ಅವತ್ತು ನೋಡಲಿಲ್ಲ ಅಂತ ಅರ್ಥ. ಸೊನ್ನೆ ಇದ್ದರೆ ಹೋಗಿ ನೋಡಿದೆ, ಮಳೆ ಬಂದಿರಲಿಲ್ಲ ಅಂತ." ಚೀಲದಿಂದ ನನ್ನ ನೋಟ್‌ಬುಕ್ ತೆಗೆದು 2023ರ ಆಗಸ್ಟ್ ಪುಟ ಬಿಡಿಸಿ ಅವಳ ಕೈಗೆ ಕೊಟ್ಟೆ. ಮೇಲಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಸೊನ್ನೆಗಳ ಸಾಲೇ. ಅವಳು ಬೆರಳಿಟ್ಟು ಎಣಿಸತೊಡಗಿದಳು. ಅಕ್ಕಪಕ್ಕದವರು ಬಗ್ಗಿ ನೋಡಿದರು, ಆಮೇಲೆ ಪುಸ್ತಕ ಹಿಂದಿನ ಸಾಲಿಗೆ ಹೋಯಿತು.